ಒಂಬತ್ತು ಕವಡೆಗಳ ಮಹಾಯುದ್ಧ

ಒಬ್ಬನೇ ಕೂತು ಆಡಲಾಗದ ಆಟಗಳನ್ನು ಕೂಡಿಟ್ಟುಕೊಂಡವನಷ್ಟು ದಡ್ಡ ಈ ಲೋಕದಲ್ಲಿ ಇನ್ನೊಬ್ಬನಿರಲಾರ. ಅಂಚೆಚೀಟಿ ಕೂಡಿಸಿದವನು ಬೇಸರವಾದಾಗ ಆಲ್ಬಮ್ಮು ತೆರೆದು ತಾನೊಬ್ಬನೇ ನೋಡಿ ಸಂತೋಷಪಡಬಹುದು. ಹಳೆಯ ನಾಣ್ಯ ಕೂಡಿಸಿದವನು ಹುಣಸೆಹಣ್ಣು ಹಚ್ಚಿ ಅವನ್ನು ತಿಕ್ಕುತ್ತ ಒಂದು ಮಧ್ಯಾಹ್ನ ಕಳೆಯಬಹುದು. ನಾನು ಕೂಡಿಸಿದ್ದು ಯುದ್ಧಗಳನ್ನು. ಯುದ್ಧಕ್ಕೆ ಒಬ್ಬ ಎದುರಾಳಿ ಬೇಕು. ಅವನಿಲ್ಲದಿದ್ದರೆ ನನ್ನ ಬಳಿ ಇರುವುದು ರಟ್ಟಿನ ಚೂರುಗಳು, ಮಡಿಕೆ ಬಿದ್ದ ನಕಾಶೆಗಳು ಮತ್ತು ಯಾರೂ ಪಾಲಿಸದ ಒಂದಷ್ಟು ನಿಯಮಗಳು.

ಹಳಿಯಾಳದ ನಮ್ಮ ಮನೆಯ ಕಪಾಟಿನ ನೆತ್ತಿಯ ಮೇಲೆ ಈ ಪೆಟ್ಟಿಗೆಗಳು ಸಾಲಾಗಿ ಕೂತಿವೆ. ಹೆಂಡತಿ ಧೂಳು ಹೊಡೆಯಲು ಸ್ಟೂಲು ಹತ್ತಿದಾಗಲೆಲ್ಲ ಅವುಗಳ ಮೇಲೂ ಒಮ್ಮೆ ಬಟ್ಟೆ ಆಡಿಸಿ, "ಯಾರೋ ತೀರಿಕೊಂಡವರ ಸಾಮಾನ ಕಾಯ್ದಿಟ್ಟಂಗ ಇಟ್ಟೀರಲ್ರೀ" ಎನ್ನುತ್ತಾಳೆ. ಅವಳು ಹೇಳುವುದು ಚೇಷ್ಟೆಗೆ. ನಾನೂ ನಗುತ್ತೇನೆ. ಆಮೇಲೆ ಆ ದಿನವಿಡೀ ನನಗೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲುವುದಿಲ್ಲ.

ಇವು ಎಂಥ ಆಟಗಳು ಎಂದು ನೀವು ಕೇಳುವುದು ಸಹಜ. ಚದುರಂಗದ ದೂರದ ನೆಂಟರು ಎಂದುಕೊಳ್ಳಿ. ಚದುರಂಗಕ್ಕಿರುವ ಮರ್ಯಾದೆ ಮಾತ್ರ ಇವಕ್ಕಿಲ್ಲ. ಚದುರಂಗ ಆಡುವವನನ್ನು ಊರವರು ಬುದ್ಧಿವಂತ ಅನ್ನುತ್ತಾರೆ. ಇವನ್ನು ಆಡುವವನನ್ನು ಏನನ್ನುತ್ತಾರೆ ಎಂಬುದನ್ನು ನನ್ನ ಮಾವನವರನ್ನು ಕೇಳಿದರೆ ಗೊತ್ತಾಗುತ್ತದೆ. ಒಂದು ದೊಡ್ಡ ನಕಾಶೆ, ಅದರ ತುಂಬ ಜೇನುಹುಟ್ಟಿನ ಕಣ್ಣುಗಳಂತೆ ಆರು ಮೂಲೆಯ ಮನೆಗಳು, ಹೆಬ್ಬೆರಳಿನ ಉಗುರಿನಷ್ಟು ಅಗಲದ ರಟ್ಟಿನ ಕಾಯಿಗಳು. ಒಂದೊಂದು ಕಾಯಿಯೂ ಒಂದು ಪಡೆ. ಎರಡು ಪಡೆ ಎದುರಾದಾಗ ದಾಳ ಉರುಳಿಸಿ, ಪುಸ್ತಕದಲ್ಲಿರುವ ಕೋಷ್ಟಕ ನೋಡಿ, ಯಾರು ಸತ್ತರು ಯಾರು ಉಳಿದರು ಎಂದು ತೀರ್ಮಾನಿಸಬೇಕು. ಇಷ್ಟಕ್ಕೆ ಇಬ್ಬರು ಬೆಳೆದ ಗಂಡಸರು ಹೊಟ್ಟೆಯ ಮೇಲೆ ಮಲಗಿ ಇಡೀ ಭಾನುವಾರ ಕಳೆಯಬೇಕು.

ಇಂಥದ್ದು ನಾನು ಬೆಳೆದ ದಾಂಡೇಲಿಗೆ ಹೇಗೆ ಬಂತು? ಅಂಗಡಿಯಿಂದಂತೂ ಅಲ್ಲ. ನಮ್ಮ ಪೇಟೆಯ ಅಂಗಡಿಯಲ್ಲಿ ಹಾವು-ಏಣಿ, ಕೇರಂ ಬೋರ್ಡು, ದೀಪಾವಳಿಯ ಹೊತ್ತಿಗೆ ಒಂದೆರಡು ಟಿಕಳಿ ಪಿಸ್ತೂಲು, ಇಷ್ಟೇ ಸಿಗುತ್ತಿದ್ದದ್ದು. ನಮ್ಮ ಯುದ್ಧಗಳು ಬಂದದ್ದು ರದ್ದಿಯಲ್ಲಿ. ಅಪ್ಪ ಕಾಗದದ ಕಾರ್ಖಾನೆಯ ಅಂಗಳದಲ್ಲಿ ಕೆಲಸಕ್ಕಿದ್ದ. ಅರೆದು ಮತ್ತೆ ಕಾಗದ ಮಾಡಲೆಂದು ಪರದೇಶದ ರದ್ದಿ ಹಡಗಿನಲ್ಲಿ ಬಂದು, ಲಾರಿ ಹತ್ತಿ, ಘಟ್ಟ ಏರಿ ಅಲ್ಲಿಗೆ ತಲುಪುತ್ತಿತ್ತು. ತಂತಿ ಬಿಗಿದ ದೊಡ್ಡ ದೊಡ್ಡ ಪೆಂಡಿಗಳು. ತಂತಿ ಕತ್ತರಿಸಿದರೆ ಒಳಗಿಂದ ಯಾವುದೋ ದೇಶದ ಪತ್ರಿಕೆಗಳು, ಯಾರದೋ ಮದುವೆಯ ಕರೆಯೋಲೆ, ಬಣ್ಣಬಣ್ಣದ ರಟ್ಟಿನ ಡಬ್ಬಿಗಳು ಹೊರಬೀಳುತ್ತಿದ್ದವು. ಚೆನ್ನಾಗಿ ಕಂಡದ್ದನ್ನು ಅಪ್ಪ ಗೇಟಿನವನಿಗೆ ತೋರಿಸಿ ಮನೆಗೆ ತರುತ್ತಿದ್ದ. ಒಮ್ಮೆ ಅವನು ತಂದದ್ದು ಚಪ್ಪಟೆಯಾಗಿದ್ದ ಒಂದು ಪೆಟ್ಟಿಗೆ. ಮುಚ್ಚಳದ ಮೇಲೆ ಕಪ್ಪು ಆಕಾಶ, ಅದರಲ್ಲೊಂದು ಆಕಾಶನೌಕೆ. ಅವ್ವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಕ್ಯಾಲೆಂಡರ್ ಇರಬೇಕು, ಮೊಳೀ ಹೊಡೀರಿ" ಅಂದಳು.

ಕ್ಯಾಲೆಂಡರ್ ಆಗಿದ್ದರೆ ಒಂದು ವರ್ಷಕ್ಕೆ ಮುಗಿಯುತ್ತಿತ್ತು.

ರದ್ದಿಯಲ್ಲಿ ಬಂದದ್ದು ಪೂರ್ತಿ ಬರುವುದಿಲ್ಲ. ಒಂದು ಪೆಂಡಿಯಲ್ಲಿ ನಕಾಶೆ ಬಂದರೆ ಅದರ ಕಾಯಿಗಳು ಬೇರೆ ಪೆಂಡಿಯಲ್ಲಿ ಬಂದು, ಅಪ್ಪನ ಕಣ್ಣು ತಪ್ಪಿಸಿ, ಅದಾಗಲೇ ಅರೆಯುವ ಗುಂಡಿಗೆ ಬಿದ್ದು ಯಾವುದೋ ಶಾಲೆಯ ನೋಟುಬುಕ್ಕಿನ ಹಾಳೆಯಾಗಿ ಹೋಗಿರುತ್ತಿದ್ದವು. ಆ ಮೊದಲ ಪೆಟ್ಟಿಗೆಯಲ್ಲಿ ಚಂದ್ರನಂಥ ಒಂದು ಗ್ರಹದ ನಕಾಶೆ ಇತ್ತು, ನಿಯಮದ ಪುಸ್ತಕವಿತ್ತು, ಒಂದೇ ಒಂದು ಕಾಯಿ ಇರಲಿಲ್ಲ. ಕೆಲವು ತಿಂಗಳ ಮೇಲೆ ಅಪ್ಪ ಒಂದು ಪ್ಲಾಸ್ಟಿಕ್ ಚೀಲದ ತುಂಬ ಕಾಯಿ ತಂದ. ಅವುಗಳ ಮೇಲೆಲ್ಲ ಕತ್ತಿ ಹಿಡಿದ ಕುದುರೆ ಸವಾರರು. ಅವು ಎರಡು ಬೇರೆ ಬೇರೆ ಆಟ, ಎರಡು ಬೇರೆ ಬೇರೆ ಶತಮಾನ ಎಂದು ನಮಗೆ ಹೊಳೆಯಲೇ ಇಲ್ಲ. ಗ್ರಹ ದೊಡ್ಡದು, ಓಡಾಡಲು ಕುದುರೆ ಬೇಡವೇ? ನಾವು ಎಲ್ಲವನ್ನೂ ಒಪ್ಪಿಕೊಂಡೆವು. ಹೀಗೆ ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಕಾಳಿ ನದಿಯ ದಂಡೆಯ ಕಾರ್ಮಿಕರ ವಸತಿಯೊಂದರಲ್ಲಿ, ಗಾಳಿಯೇ ಇಲ್ಲದ ಗ್ರಹದ ಮೇಲೆ ಕುದುರೆಗಳು ನಾಗಾಲೋಟದಲ್ಲಿ ಓಡಿದವು.

ನಾವು ಎಂದರೆ ನಾನು ಮತ್ತು ಗಜಾನನ. ಅವನ ಮೂಲ ಜೋಯಿಡಾ ಕಡೆ, ಮನೆಯಲ್ಲಿ ಕೊಂಕಣಿ. ಅವನಪ್ಪನಿಗೆ ಕಟ್ಟಿಗೆ ಡಿಪೋದಲ್ಲಿ ಕೆಲಸವಾದ್ದರಿಂದ ಕೋಗಿಲಬನದಲ್ಲಿ ಮನೆ ಮಾಡಿಕೊಂಡಿದ್ದರು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ. ನಾನು ಲೆಕ್ಕದಲ್ಲಿ ಹುಷಾರು, ಅವನು ಈಜಿನಲ್ಲಿ. ನನಗೆ ನೀರೆಂದರೆ ಭಯ, ಅವನಿಗೆ ಲೆಕ್ಕವೆಂದರೆ ಭಯ. ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ. ಭಾನುವಾರ ಕಾರ್ಖಾನೆಯ ಭೋಂಗಾ ಕೂಗುವುದಕ್ಕೂ ಅವನ ಸೈಕಲ್ಲಿನ ಸ್ಟ್ಯಾಂಡು ನಮ್ಮ ಬಾಗಿಲಲ್ಲಿ ಖಣ್ಣೆನ್ನುವುದಕ್ಕೂ ಸರಿಹೋಗುತ್ತಿತ್ತು. ಅವ್ವನನ್ನು ಅವನು ಸ್ವಂತ ಚಿಕ್ಕಮ್ಮನನ್ನು ಕರೆದಂತೆ ಮಾವಶಿ ಅನ್ನುತ್ತಿದ್ದ. ಅವ್ವ ಅವನಿಗೆ ನನಗಿಂತ ಒಂದು ರೊಟ್ಟಿ ಹೆಚ್ಚು ಹಾಕುತ್ತಿದ್ದಳು. ನಾನು ಗುರುತಿಸಿದ್ದೆ, ಹೇಳುತ್ತಿರಲಿಲ್ಲ.

ಕುದುರೆಯ ಸಮಸ್ಯೆ ಬಗೆಹರಿದ ಮೇಲೆ ದಾಳದ ಸಮಸ್ಯೆ ಬಂತು. ಪುಸ್ತಕ ಕೇಳುತ್ತಿದ್ದದ್ದು ಹತ್ತು ಮುಖದ ದಾಳ, ಸೊನ್ನೆಯಿಂದ ಒಂಬತ್ತರವರೆಗೆ ಅಂಕಿ ಇರುವಂಥದ್ದು. ಹತ್ತು ಮುಖದ ದಾಳ! ಹತ್ತು ತಲೆಯ ರಾಕ್ಷಸನ ಬಗ್ಗೆ ಕೇಳಿದ್ದೆವು, ದಾಳದ ಬಗ್ಗೆ ಕೇಳಿರಲಿಲ್ಲ. ಆಗ ನಾನು, ಲೆಕ್ಕದಲ್ಲಿ ಹುಷಾರಾದವನು, ಒಂದು ಉಪಾಯ ಹೇಳಿದೆ. ಅವ್ವನ ಚೌಕಾಬಾರದ ಕವಡೆಗಳಲ್ಲಿ ಒಂಬತ್ತನ್ನು ತೂರೋಣ. ಅಂಗಾತ ಬಿದ್ದದ್ದನ್ನು ಎಣಿಸೋಣ. ಒಂದೂ ಅಂಗಾತ ಬೀಳದಿದ್ದರೆ ಸೊನ್ನೆ, ಎಲ್ಲವೂ ಬಿದ್ದರೆ ಒಂಬತ್ತು. ಹತ್ತು ಬಗೆ ಆಯಿತಲ್ಲ! ಗಜಾ ನನ್ನ ಕಡೆ ನೋಡಿದ ಆ ನೋಟ ಈಗಲೂ ನೆನಪಿದೆ. ಜೀವನದಲ್ಲಿ ನನ್ನನ್ನು ಯಾರಾದರೂ ಅಷ್ಟು ಮೆಚ್ಚಿ ನೋಡಿದ್ದು ಅದೇ ಮೊದಲು, ಪ್ರಾಯಶಃ ಅದೇ ಕೊನೆ.

ನೀವು ಲೆಕ್ಕದಲ್ಲಿ ನನಗಿಂತ ಹುಷಾರಾಗಿದ್ದರೆ ತಪ್ಪು ಈಗಾಗಲೇ ಕಂಡಿರುತ್ತದೆ. ದಾಳಕ್ಕೆ ಎಲ್ಲ ಮುಖವೂ ಒಂದೇ. ಸೊನ್ನೆ ಎಷ್ಟು ಸಲೀಸಾಗಿ ಬೀಳುತ್ತದೋ ಐದೂ ಅಷ್ಟೇ ಸಲೀಸು. ಕವಡೆಗಳ ಸ್ವಭಾವ ಬೇರೆ. ಒಂಬತ್ತು ಕವಡೆ ಒಟ್ಟಿಗೆ ತೂರಿದರೆ ಅರ್ಧ ಅಂಗಾತ, ಅರ್ಧ ಬೋರಲು. ನಾಲ್ಕು, ಇಲ್ಲವೆ ಐದು. ಆಗಾಗ ಮೂರು, ಆರು. ಎಲ್ಲವೂ ಬೋರಲು ಬಿದ್ದದ್ದನ್ನು ನಾನು ನೋಡಿದ ನೆನಪೇ ಇಲ್ಲ. ಕೋಷ್ಟಕದ ಒಂದು ತುದಿಯಲ್ಲಿ 'ದಾಳಿ ಮಾಡಿದವನು ನಾಶ' ಎಂದಿತ್ತು, ಇನ್ನೊಂದು ತುದಿಯಲ್ಲಿ 'ದಾಳಿಗೊಳಗಾದವನು ನಾಶ' ಎಂದಿತ್ತು. ನಡುವಿನಲ್ಲಿ, ಮೂರರಿಂದ ಆರರವರೆಗಿನ ಅಂಕಿಗಳ ಎದುರಿಗೆ, 'ಇಬ್ಬರೂ ಒಂದೊಂದು ಮನೆ ಹಿಂದೆ ಸರಿಯುವುದು'.

ಹಾಗಾಗಿ ನಮ್ಮ ಯುದ್ಧದಲ್ಲಿ ಯಾರೂ ಸಾಯುತ್ತಿರಲಿಲ್ಲ. ಗಜಾನ ಕುದುರೆಗಳು ಧೂಳೆಬ್ಬಿಸಿಕೊಂಡು ಬರುತ್ತಿದ್ದವು, ಕವಡೆ ಬೀಳುತ್ತಿತ್ತು, ಇಬ್ಬರೂ ಹಿಂದೆ. ಮುಂದಿನ ವಾರ ನನ್ನ ಕುದುರೆಗಳು, ಕವಡೆ, ಇಬ್ಬರೂ ಹಿಂದೆ. ಎರಡು ಸೈನ್ಯಗಳೂ ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಭೇಟಿಯಾದ ಬೀಗರಂತೆ ಮುಂದೆ ಬಂದು, ಬಾಗಿ, ಹಿಂದೆ ಸರಿಯುತ್ತಿದ್ದವು. ಯುದ್ಧವೆಂದರೆ ಹೀಗೇ ಇರುತ್ತದೆಂದು ನಾವು ತಿಳಿದಿದ್ದೆವು. ಪುರಾಣಗಳಲ್ಲಿ ಒಂದು ಪಗಡೆಗೆ ರಾಜ್ಯ ಕಳೆದುಕೊಂಡವರ ಕಥೆ ಕೇಳುವಾಗ ನನಗೆ ಆಗೆಲ್ಲ ಅನ್ನಿಸುತ್ತಿತ್ತು, ಪಾಪ, ಅವರ ಬಳಿ ಕವಡೆ ಇರಲಿಲ್ಲವೇನೋ.

ಅವ್ವನ ಡಬ್ಬಿಯಲ್ಲಿದ್ದದ್ದು ಒಟ್ಟು ಹನ್ನೊಂದು ಕವಡೆ. ನಾವು ಒಂಬತ್ತು ಒಯ್ದರೆ ಅವಳಿಗೆ ಎರಡು ಉಳಿಯುತ್ತಿದ್ದವು. ಚೌಕಾಬಾರಕ್ಕೆ ನಾಲ್ಕು ಬೇಕು. ಪಕ್ಕದ ಮನೆಯ ಶಾಂತಕ್ಕ ಊಟ ಮುಗಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕಟ್ಟೆಯ ಮೇಲೆ ಬಂದು ಕೂತಳೆಂದರೆ ಅವ್ವ ಒಳಗೆ ಇಣುಕಿ ಕೇಳುತ್ತಿದ್ದಳು: "ಮುಗೀತೇನ್ರೋ ನಿಮ್ಮ ಯುದ್ಧ? ಕವಡಿ ಕೊಡ್ರಿ ಇಲ್ಲೆ."

"ಇನ್ನೂ ಮುಗದಿಲ್ಲವ್ವಾ!" ಎಂದು ನಾನು ಕೂಗುತ್ತಿದ್ದೆ.

"ಮಾವಶಿ, ಇನ್ನ ಸ್ವಲ್ಪ ತಡೀರಿ, ಇವನ್ನ ಇವತ್ತ ಬಿಡೂದಿಲ್ಲ" ಎಂದು ಗಜಾ ಕೂಗುತ್ತಿದ್ದ.

ಅವ್ವ ಕಾಯುತ್ತಿದ್ದಳು. ಶಾಂತಕ್ಕನೂ ಕಾಯುತ್ತಿದ್ದಳು. ಸಂಜೆ ಪ್ಲೈವುಡ್ಡಿನ ಹಲಗೆಯ ಸಮೇತ ಯುದ್ಧವನ್ನು ಮಂಚದ ಕೆಳಗೆ ತಳ್ಳಿ, ಕವಡೆಗಳನ್ನು ಹೊರಗೆ ಕೊಟ್ಟು, ನಾವು ನದಿಯ ಕಡೆ ಹೊರಡುತ್ತಿದ್ದೆವು. ಅವನು ಈಜುತ್ತಿದ್ದ. ನಾನು ದಂಡೆಯಲ್ಲಿ ಕೂತು ಅವನ ಚಪ್ಪಲಿ ಕಾಯುತ್ತಿದ್ದೆ.

ಆಮೇಲೆ ಇನ್ನೊಂದು ಪುಸ್ತಕ ಬಂತು. ಅದೂ ರದ್ದಿಯದೇ, ಕಡೆಯ ಕೆಲವು ಹಾಳೆ ಹರಿದಿದ್ದವು. ಅದರಲ್ಲಿ ನಕಾಶೆಯೂ ಇಲ್ಲ, ಕಾಯಿಯೂ ಇಲ್ಲ. ನೀವೇ ಒಂದು ಪಾತ್ರ, ನಕ್ಷತ್ರದಿಂದ ನಕ್ಷತ್ರಕ್ಕೆ ತಿರುಗುವವರು. ಎದುರಿನವನು ಉಳಿದ ಇಡೀ ವಿಶ್ವ. ಮಾತಿನಲ್ಲೇ ಆಡಬೇಕು. ಕೂತಲ್ಲೇ ಆಡುವ ದೊಡ್ಡಾಟ ಎನ್ನಬಹುದು. ವೇಷವಿಲ್ಲ, ಕುಣಿತವಿಲ್ಲ, ನೋಡುವವರಂತೂ ಇಲ್ಲವೇ ಇಲ್ಲ. ಗಜಾ ಆಕಾಶದ ವ್ಯಾಪಾರಿಯಾದ. ನಾನು ವಿಶ್ವವಾದೆ. ವಿಶ್ವದ ಬಗ್ಗೆ ನನಗಿದ್ದ ತಿಳುವಳಿಕೆ ದಾಂಡೇಲಿಯಿಂದ ಮುಂಡಗೋಡದವರೆಗಿನದು. ಹಾಗಾಗಿ ನೌಕೆ ಎಲ್ಲಿ ಇಳಿದರೂ ಅಲ್ಲೊಂದು ಫಾರೆಸ್ಟ್ ನಾಕಾ ಇರುತ್ತಿತ್ತು.

"ನೌಕಾದಾಗ ಏನೈತ್ರೀ? ಸಾಗವಾನಿ ಐತೇನು?" ಎಂದು ನಾನು ನಾಕಾದ ಗಾರ್ಡಾಗಿ ಗದರಿಸುತ್ತಿದ್ದೆ.

"ಇಲ್ರೀ ಸಾಹೇಬ್ರ, ಬರೇ ಮೆಣಸಿನಕಾಯಿ. ಬೇಕಾರ ಒಂದ ಚೀಲಾ ಇಳಿಸ್ಕೋರಿ" ಎಂದು ಗಜಾ ಕೈಮುಗಿಯುತ್ತಿದ್ದ.

ಆ ಪುಸ್ತಕದ ಒಂದು ನಿಯಮವನ್ನು ನಾನು ಇವತ್ತಿಗೂ ಮರೆತಿಲ್ಲ. ಆಟ ಶುರು ಮಾಡುವ ಮೊದಲು ನಿಮ್ಮ ಪಾತ್ರ ಹುಟ್ಟಿ, ಕಲಿತು, ನೌಕರಿ ಮಾಡಿದ್ದೆಲ್ಲವನ್ನೂ ದಾಳ ಉರುಳಿಸಿಯೇ ನಿರ್ಧರಿಸಬೇಕು. ಆ ಉರುಳಿಸುವಿಕೆಯಲ್ಲೇ, ಆಟ ಇನ್ನೂ ಶುರುವಾಗದಿರುವಾಗಲೇ, ಪಾತ್ರ ಸತ್ತುಹೋಗಬಹುದು. ಇದಕ್ಕೆ ಸಾಮಾನ್ಯ ದಾಳ ಸಾಕಿತ್ತು, ಕವಡೆಯ ಕರುಣೆ ಇರಲಿಲ್ಲ. ಗಜಾನ ವ್ಯಾಪಾರಿಗಳು ಮೇಲಿಂದ ಮೇಲೆ ಹೀಗೆ ಸಾಯುತ್ತಿದ್ದರು. ಆಗ ನಾವು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇವೆ. ಈಗ ಶಾಲೆಯಲ್ಲಿ ಹಾಜರಿ ಕೂಗುವಾಗ, ಮನೆಯಲ್ಲಿ ಕನ್ನಡಿಯ ಮುಂದೆ ಗಡ್ಡ ಹೆರೆಯುವಾಗ, ಆ ನಿಯಮ ನೆನಪಾಗುತ್ತದೆ. ನಗು ಬರುವುದಿಲ್ಲ.

ಹತ್ತನೆಯ ಇಯತ್ತೆ ಮುಗಿಯಿತು, ಕಾಲೇಜು ಬಂತು. ಗಜಾ ಮುಂಡಗೋಡಿನಲ್ಲಿ ಐ.ಟಿ.ಐ. ಸೇರಿದ. ಆದರೂ ಭಾನುವಾರ ಬರುತ್ತಿದ್ದ. ನಕಾಶೆಯ ಗುಡ್ಡಗಳಿಗೆ, ಕುಳಿಗಳಿಗೆ ಹೆಸರಿಡುವ ಕೆಲಸ ಅವನದು. ಎತ್ತರದ ಶಿಖರಕ್ಕೆ ಉಳವಿ ಎಂದು ಇಟ್ಟ. ಹನಿ ನೀರಿಲ್ಲದ ದೊಡ್ಡ ಕುಳಿಯೊಂದಕ್ಕೆ ಸನವಳ್ಳಿ ಕೆರೆ ಎಂದು ಇಟ್ಟ. ಒಂದೇ ನಕಾಶೆ, ಅವೇ ಕುದುರೆಗಳು, ಅದೇ ಯುದ್ಧ. ಊರಿಗೆ ಎಸ್.ಟಿ.ಡಿ. ಬೂತುಗಳು ಬಂದವು, ಅಪ್ಪನ ಕೂದಲು ಬೆಳ್ಳಗಾದವು, ನಮಗೆ ಮೀಸೆ ಬಂದವು. ಉಳವಿಯ ತುದಿ ಮಾತ್ರ ಯಾರ ಕೈಗೂ ಬರಲಿಲ್ಲ. ನಾನು ಅಷ್ಟು ಸುಖವಾಗಿದ್ದದ್ದು ಆಗಲೇ. ಇದನ್ನು ಸುತ್ತಿಬಳಸಿ ಹೇಳುವ ಅಗತ್ಯವಿಲ್ಲ.

ಒಂದು ಭಾನುವಾರ ಗಜಾ ಬಂದವನೇ ಅಂಗಿಯ ಜೇಬಿನಿಂದ ಏನನ್ನೋ ತೆಗೆದು ನನ್ನ ಅಂಗೈಯಲ್ಲಿಟ್ಟ. ನೀಲಿ ಬಣ್ಣದ್ದು, ನೆಲ್ಲಿಕಾಯಿ ಗಾತ್ರದ್ದು. ಹತ್ತು ಮುಖ. ಮುಂಡಗೋಡಿನ ಟಿಬೆಟನ್ ಕ್ಯಾಂಪಿನಲ್ಲಿ ಅವನ ಗೆಳೆಯನೊಬ್ಬನಿದ್ದ. ಆ ಹುಡುಗನಿಗೆ ಪರದೇಶದಿಂದ ಆಗಾಗ ಪಾರ್ಸೆಲ್ ಬರುತ್ತಿತ್ತು. ಅದರಲ್ಲಿ ಇದು ಬಂದಿತ್ತು.

"ಇವತ್ತ ಖರೇ ಆಟಾ ಆಡೂಣು" ಅಂದ ಗಜಾ.

ನನಗಾದ ಸಂಭ್ರಮ ಹೇಳತೀರದು. ಪುಸ್ತಕದಲ್ಲಿ ಮಾತ್ರ ನೋಡಿದ್ದ ದಾಳ ನನ್ನ ಕೈಯಲ್ಲಿತ್ತು! ಅವ್ವನ ಕವಡೆಗಳನ್ನು ಆ ದಿನ ನಾನೇ ಹೊರಗೆ ಕೊಟ್ಟು ಬಂದೆ. ಗಜಾ ಮೊದಲು ಉರುಳಿಸಿದ. ಸೊನ್ನೆ. ಕೋಷ್ಟಕ ನೋಡಿದೆವು. ದಾಳಿ ಮಾಡಿದವನು ನಾಶ. ವರ್ಷಗಟ್ಟಲೆ ಉಳವಿಯ ಬುಡದಲ್ಲಿ ಮುಂದೆ ಹಿಂದೆ ಆಡಿಕೊಂಡಿದ್ದ ಅವನ ದೊಡ್ಡ ಕುದುರೆಪಡೆಯನ್ನು ನಾನು ಬೆರಳಿನಿಂದ ಎತ್ತಿ ಪಕ್ಕಕ್ಕಿಟ್ಟೆ. ಕಾಯಿ ಇದ್ದ ಜಾಗದಲ್ಲಿ ನಕಾಶೆಯ ಬಣ್ಣ ಇನ್ನೂ ಹೊಸದಾಗಿತ್ತು, ಸುತ್ತಲಿನದು ಮಾಸಿತ್ತು. ಆಮೇಲೆ ನಾನು ಉರುಳಿಸಿದೆ. ಒಂಬತ್ತು. ದಾಳಿಗೊಳಗಾದವನು ನಾಶ. ಹತ್ತು ಮುಖದ ದಾಳಕ್ಕೆ ಸಂಕೋಚವೆಂಬುದೇ ಇಲ್ಲ. ಅವ್ವ ಚಹಾ ತರುವ ಹೊತ್ತಿಗೆ ಯುದ್ಧ ಮುಗಿದಿತ್ತು.

ನಾನು ಗೆದ್ದಿದ್ದೆ.

ಗಜಾ ನನ್ನ ಕೈ ಕುಲುಕಿದ. "ಭಾರಿ ಆಡಿದಿ ಬಸ್ಯಾ" ಅಂದ. ಚಹಾ ಕುಡಿದ. ಕುದುರೆಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿ ಕಟ್ಟಿದ. ಅಂದು ನದಿಗೆ ಹೋಗಲಿಲ್ಲ. ಮುಂದಿನ ಭಾನುವಾರ ಭೋಂಗಾ ಕೂಗಿತು, ಸೈಕಲ್ಲು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಕೆಲಸ ಹುಡುಕಿಕೊಂಡು ಗೋವಾಕ್ಕೆ ಹೋದನೆಂದು ಅವನಪ್ಪ ಡಿಪೋದ ಹತ್ತಿರ ಸಿಕ್ಕಾಗ ಹೇಳಿದರು. ನಾನು, ಇರಲಿ, ಹಬ್ಬಕ್ಕೆ ಬರುತ್ತಾನೆ, ಹೊಸ ಯುದ್ಧ ಹೂಡೋಣ ಎಂದುಕೊಂಡೆ. ಹಬ್ಬಗಳು ಬಂದವು.

ಕೂಡಿಸುವ ಹುಚ್ಚು ನನಗೆ ಹತ್ತಿದ್ದು ಆಮೇಲೆ. ಆಡುವಷ್ಟು ದಿನ ಕೂಡಿಸಬೇಕು ಅನ್ನಿಸಿರಲಿಲ್ಲ. ಅಪ್ಪ ನಿವೃತ್ತನಾಗಿ ನಾವು ಹಳಿಯಾಳಕ್ಕೆ ಬಂದೆವು. ನಾನು ಇಲ್ಲೇ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರನಾದೆ. ಅಪ್ಪನ ಹಳೆಯ ಸಂಗಾತಿಗಳಿಗೆ ಹೇಳಿ, ರದ್ದಿಯಂಗಡಿಗಳಿಗೆ ತಿರುಗಿ, ಸಿಕ್ಕಸಿಕ್ಕದ್ದನ್ನು ತಂದೆ. ಊರಿಗೆ ಇಂಟರ್ನೆಟ್ ಬಂದ ಮೇಲೆ ಒಂದು ಕೆಫೆಯಲ್ಲಿ ಕೂತು ಹುಡುಕಿದೆ. ಕುದುರೆಗಳದ್ದು ಬೇರೆ ಆಟ ಎಂದು ತಿಳಿದದ್ದು ಅಲ್ಲಿಯೇ. ನನ್ನಂಥ ಹುಚ್ಚರು ಲೋಕದ ತುಂಬ ಇದ್ದಾರೆ ಎಂದು ತಿಳಿದದ್ದೂ ಅಲ್ಲಿಯೇ. ಅವರಲ್ಲಿ ಒಂದು ಪದ್ಧತಿ ನೋಡಿ ನನಗೆ ಆಶ್ಚರ್ಯವಾಯಿತು. ಯಾವ ಪೆಟ್ಟಿಗೆಯ ಕಾಯಿಗಳನ್ನು ರಟ್ಟಿನ ಹಾಳೆಯಿಂದ ಯಾರೂ ಬಿಡಿಸಿಯೇ ಇಲ್ಲವೋ ಅದಕ್ಕೆ ಹೆಚ್ಚಿನ ಬೆಲೆ. ಒಮ್ಮೆಯೂ ಆಡದ ಆಟವೇ ಶ್ರೇಷ್ಠ ಆಟ! ಒಮ್ಮೆಯೂ ಉಡದ ಸೀರೆಯನ್ನು ಗಂಟು ಕಟ್ಟಿಟ್ಟು ಸತ್ತ ನನ್ನ ಅಜ್ಜಿ ನೆನಪಾದಳು. ಅಲ್ಲೇ ಇನ್ನೊಂದು ಕಡೆ ಜಾಹೀರಾತುಗಳ ಸಾಲಿತ್ತು. ಇಂಥ ಊರಿನವನು, ಇಂಥ ವಯಸ್ಸು, ಭಾನುವಾರ ಬಿಡುವು, ಎದುರಾಳಿ ಬೇಕಾಗಿದ್ದಾನೆ. ವಧೂವರರ ಅಂಕಣದಂತೆಯೇ ಇತ್ತು. ಆ ಜಾಹೀರಾತುಗಳಲ್ಲಿ ಹಲವು ಬಹಳ ಹಳೆಯವು. ಕೆಳಗೆ ಯಾರೂ ಉತ್ತರ ಬರೆದಿರಲಿಲ್ಲ.

ಕವಡೆಯ ರಹಸ್ಯ ನನಗೆ ಹೊಳೆದದ್ದು ಪಾಠ ಹೇಳುವಾಗ. ಸಂಭವನೀಯತೆಯ ಅಧ್ಯಾಯ. ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿದರೆ ನಡುವಿನ ಫಲಗಳೇ ಹೆಚ್ಚು ಏಕೆ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದವನು ಖಡು ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿಬಿಟ್ಟೆ. ಕಾಯಿಗಳು, ಉಳವಿಯ ಬುಡ, ಇಬ್ಬರೂ ಒಂದೊಂದು ಮನೆ ಹಿಂದೆ. ನಮ್ಮ ಯುದ್ಧ ಅಷ್ಟು ವರ್ಷ ಬದುಕಿದ್ದು ನನ್ನ ಒಂದು ತಪ್ಪು ಲೆಕ್ಕದಿಂದ! ಸರಿಯಾದ ಲೆಕ್ಕ ಬಂದ ದಿನ ಅದು ಒಂದು ಮಧ್ಯಾಹ್ನವೂ ಉಳಿಯಲಿಲ್ಲ. ಹಿಂದಿನ ಬೆಂಚಿನಿಂದ ಒಂದು ಹುಡುಗಿ, "ಸರ್, ಮುಂದ?" ಅಂದಳು. ಮುಂದಿನದು ನನಗೂ ಗೊತ್ತಿರಲಿಲ್ಲ.

ಅಂದಿನಿಂದ ನನ್ನ ತಲೆಯಲ್ಲಿ ಒಂದೇ ಹುಳ. ದಾಳ ಬಿಟ್ಟುಬಿಡೋಣ. ಗಜಾನನ್ನು ಹುಡುಕೋಣ. ಮತ್ತೆ ಒಂಬತ್ತು ಕವಡೆ ತೂರೋಣ. ಯುದ್ಧ ಮತ್ತೆ ಎಂದೂ ಮುಗಿಯುವುದಿಲ್ಲ.

ಅವನು ಗೋವಾದಿಂದ ಮರಳಿದ್ದ. ಗಣೇಶಗುಡಿಯ ಹತ್ತಿರ ಕಾಳಿಯಲ್ಲಿ ಪ್ರವಾಸಿಗರನ್ನು ರಬ್ಬರಿನ ದೋಣಿಯಲ್ಲಿ ಕೂರಿಸಿ ನೊರೆನೀರಿನಲ್ಲಿ ಇಳಿಸುವ ಉದ್ಯೋಗ ಮಾಡಿಕೊಂಡಿದ್ದಾನೆ ಎಂದು ಕೇಳಿ, ಒಂದು ಭಾನುವಾರ ಬಸ್ಸು ಹತ್ತಿದೆ. ತೊಡೆಯ ಮೇಲೆ ಪೆಟ್ಟಿಗೆ. ಕಿಸೆಯಲ್ಲಿ ಅವ್ವನ ಕವಡೆ. ಬಸ್ಸು ತಿರುವಿನಲ್ಲಿ ವಾಲಿದಾಗಲೆಲ್ಲ ಕವಡೆಗಳು ತೊಡೆಗೆ ಒತ್ತುತ್ತಿದ್ದವು. ನಾನು, ಹೆಣ್ಣು ನೋಡಲು ಹೋಗುವಾಗಲೂ ಅಷ್ಟು ಹೆದರಿರಲಿಲ್ಲ.

ಗಜಾ ದಪ್ಪಗಾಗಿದ್ದ. ಬಿಸಿಲಿಗೆ ಕಪ್ಪಗಾಗಿದ್ದ. ಕೊರಳಿಗೆ ಸೀಟಿ. "ಅರೇ ಬಸ್ಯಾ!" ಎಂದು ಓಡಿಬಂದು ಅಪ್ಪಿಕೊಂಡ, ಅವನ ಒದ್ದೆ ಅಂಗಿ ನನ್ನ ಅಂಗಿಗೆ ಅಂಟಿತು. ಮರದ ಕೆಳಗೆ ಕೂರಿಸಿ, ನಾನು ಮೀನು ತಿನ್ನುವುದಿಲ್ಲವೆಂದು ನೆನಪಿಟ್ಟು, ಅನ್ನದ ಜೊತೆ ಮುರುಗಲ ಹುಳಿಯ ಸೋಲಕಡಿ ಕೊಟ್ಟ. ಅವ್ವನ ಮೊಣಕಾಲು ನೋವಿನ ಬಗ್ಗೆ ಕೇಳಿದ. ಎಲ್ಲವೂ ನೆನಪಿತ್ತು ಅವನಿಗೆ. ನನಗೆ ಧೈರ್ಯ ಬಂತು. ಪೆಟ್ಟಿಗೆ ತೆರೆದೆ. ಅವನು ಒಂದು ಕುದುರೆಯನ್ನು ಎತ್ತಿ, ಬೆಳಕಿಗೆ ಹಿಡಿದು ನಕ್ಕ.

"ಇವು ಇನ್ನೂ ಅದಾವೇನೋ!"

"ಮತ್ತ ಹಚ್ಚೂಣು" ಅಂದೆ. "ಕವಡಿ ತಂದೇನಿ. ಮೊದಲಿನಗತೆ."

ಗಜಾ ನನ್ನನ್ನು ನೋಡಿದ. "ನೀನ ಗೆದ್ದಿದ್ದಿ ಅಲ್ಲೋ ಬಸ್ಯಾ? ಮತ್ತೇನ ಬೇಕು ನಿನಗ?"

 ಅವನು ಕುದುರೆಯನ್ನು ಬೆರಳ ಸಂದಿಯಲ್ಲಿ ತಿರುಗಿಸುತ್ತ ಕೂತ. ಆಮೇಲೆ, ಹವಾಮಾನದ ಬಗ್ಗೆ ಹೇಳುವಷ್ಟೇ ಸಲೀಸಾಗಿ ಹೇಳಿದ:

"ಖರೇ ಹೇಳ್ಲೇನು? ಐ.ಟಿ.ಐ. ಸೇರಿದ ಮ್ಯಾಲೆ ನನಗ ಆ ಆಟ ಭಾಳ ಬ್ಯಾಸರಾಗಿತ್ತು. ಗೋವಾಕ್ಕ ಹೋಗ್ಬೇಕಂತ ಆವಾಗ್ಲೇ ಮನಸಿನ್ಯಾಗ ಇತ್ತು. ಆದ್ರ ಯುದ್ಧ ನಡದಿತ್ತಲ್ಲ, ಹೆಂಗ ಬಿಟ್ಟ ಹೋಗ್ಲಿ? ನೀ ಕಾಯ್ಕೊಂತ ಕೂಡಾಂವ. ಅದಕ್ಕ ಆ ಹತ್ತ ಮುಖದ ಪಾಸಾ ಹುಡಿಕ್ಕೊಂಡ ತಂದೆ. ಮುಗಿಸಿ ಹೋಗೂಣು ಅಂತ."

"ಬ್ಯಾಸರಾಗಿತ್ತಂದ್ರ ಯಾಕ ಬರ್ತಿದ್ದಿ ಮತ್ತ? ಎಲ್ಲಾ ಭಾನುವಾರ?"

"ಬರಬೇಕಲ್ಲೋ" ಅಂದ ಗಜಾ. "ನನ್ನ ಸೈನ್ಯ ಅಲ್ಲಿತ್ತಲ್ಲ."

ಕೆಳಗೆ ದೋಣಿಯ ಹತ್ತಿರ ಯಾರೋ ಅವನನ್ನು ಕರೆದರು. ಕುದುರೆಯನ್ನು ಪೆಟ್ಟಿಗೆಯಲ್ಲಿಟ್ಟು, ನನ್ನ ಹೆಗಲು ತಟ್ಟಿ, "ಕೂತಿರು, ಒಂದ ಟ್ರಿಪ್ ಹೊಡದ ಬರ್ತೇನಿ" ಎಂದು ಇಳಿದುಹೋದ. ನಾನು ದಂಡೆಯಲ್ಲಿ ಕೂತೆ. ಅವನ ಚಪ್ಪಲಿ ನನ್ನ ಪಕ್ಕದಲ್ಲೇ ಇದ್ದವು. ಅವನು ಬರುವ ಮೊದಲು ಹಳಿಯಾಳದ ಬಸ್ಸು ಬಂತು, ಹತ್ತಿದೆ.

ಆ ದಾರಿಯುದ್ದಕ್ಕೂ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಲೆಕ್ಕ ಹಾಕಿದೆ. ನಾನು ಬದುಕಿನ ಸುಖದ ಕಾಲ ಎಂದು ಜೋಪಾನ ಮಾಡಿಟ್ಟಿದ್ದ ವರ್ಷಗಳಲ್ಲಿ ಅರ್ಧದಷ್ಟು ದಿನ ಎದುರಿಗೆ ಕೂತವನು ಬೇಸರದಿಂದ ಕೂತಿದ್ದ. ನಾನು ಸುಖಪಟ್ಟದ್ದು ಒಬ್ಬನೇ. ಹಾಗಾದರೆ ಒಬ್ಬನೇ ಆಡಲಾಗದ ಆಟ ಎಂದು ನಾನು ಮೊದಲಿಗೆ ಹೇಳಿದ್ದೂ ಸುಳ್ಳೇ ಆಯಿತು. ದಾಂಡೇಲಿ ದಾಟುವ ಹೊತ್ತಿಗೆ ಇನ್ನೊಂದು ಯೋಚನೆ ಬಂತು. ಬೇಸರವಾಗದವನು ಬರುವುದರಲ್ಲಿ ದೊಡ್ಡತನವೇನಿದೆ? ಬೇಸರವಾದ ಮೇಲೂ, ಮುಂಡಗೋಡಿನಿಂದ ಬಸ್ಸು ಹಿಡಿದು, ಕೋಗಿಲಬನದಿಂದ ಸೈಕಲ್ಲು ತುಳಿದು, ಒಬ್ಬ ಗೆಳೆಯನಿಗೋಸ್ಕರ ರಟ್ಟಿನ ಕುದುರೆ ಓಡಿಸಲು ಬಂದವನನ್ನು ಏನೆನ್ನಬೇಕು? ಈ ಯೋಚನೆಯಿಂದ ಸಮಾಧಾನವಾಯಿತು ಎಂದು ಬರೆದರೆ ಪ್ರಬಂಧ ಚೆಂದ ಮುಗಿಯುತ್ತದೆ. ಸಮಾಧಾನವಾಗಲಿಲ್ಲ. ಅಳು ಬಂತು. ಅಷ್ಟು ಒಳ್ಳೆಯ ಎದುರಾಳಿಯನ್ನು ಕಳೆದುಕೊಂಡೆನಲ್ಲ ಎಂದು.

ಮನೆಗೆ ಬಂದು ನಡುಮನೆಯ ನೆಲದ ಮೇಲೆ ನಕಾಶೆ ಹಾಸಿದೆ. ಉಳವಿಯ ಬುಡದಲ್ಲಿ, ಬಣ್ಣ ಮಾಸದೆ ಉಳಿದಿದ್ದ ಆ ಮನೆಯ ಮೇಲೆ ಗಜಾನ ದೊಡ್ಡ ಪಡೆಯನ್ನು ಇಟ್ಟೆ. ಎದುರಿಗೆ ನನ್ನದು. ಕವಡೆ ತೂರಿದೆ. ನಾಲ್ಕು ಅಂಗಾತ, ಐದು ಬೋರಲು. ಅವನ ಕುದುರೆಯನ್ನು ಒಂದು ಮನೆ ಹಿಂದೆ ಸರಿಸಿದೆ, ನನ್ನದನ್ನು ಒಂದು ಮನೆ ಹಿಂದೆ ಸರಿಸಿದೆ. ಮತ್ತೆ ತೂರಿದೆ.

ಅಂಗಳದಲ್ಲಿ ಯಾರೋ ಬಂದು ಕೂತ ಸದ್ದಾಯಿತು. ಅವ್ವ ಮೊಣಕಾಲು ಹಿಡಿದುಕೊಂಡು ಬಾಗಿಲವರೆಗೆ ಬಂದು ಇಣುಕಿದಳು. ನಕಾಶೆ ನೋಡಿದಳು, ಎದುರಿನ ಖಾಲಿ ಜಾಗ ನೋಡಿದಳು. ಏನು ತಿಳಿಯಿತೋ ಏನೋ, ಹಿಂದಿನ ದನಿಯಲ್ಲೇ ಕೇಳಿದಳು.

"ಮುಗೀತೇನ್ರೋ ನಿಮ್ಮ ಯುದ್ಧ? ಕವಡಿ ಕೊಡ್ರಿ ಇಲ್ಲೆ."

"ಇನ್ನೂ ಮುಗದಿಲ್ಲವ್ವಾ" ಅಂದೆ.

ಅವ್ವ ಹೊರಗೆ ಹೋಗಿ ಕಾಯುತ್ತ ಕೂತಳು.